ಮರಿ ಗಲೀಜು ಮಾಡಿದ್ರೆ ಕೋಲು ಹುಡುಕಬೇಡಿ, ಗಡಿಯಾರ ನೋಡಿ

ಈ ಸಲ ತೆಂಗು, ರಾಗಿ, ಹಾಲಿನ ರೇಟು ಯಾವುದೂ ಇಲ್ಲ. ನಾಯಿಮರಿ ವಿಚಾರ ಬರೀತಿದೀನಿ. ನಗೋರು ನಗಬಹುದು. ಆದ್ರೆ ನಮ್ಮ ತಿಪಟೂರು ಕಡೆ ಈಗ ಯಾವ ಬೀದಿಗೆ ಹೋದ್ರೂ ಬಿಳಿ ಹತ್ತಿ ಉಂಡೆ ಥರದ ಒಂದು ಸಣ್ಣ ನಾಯಿ ಗೇಟಿಗೆ ಕಟ್ಟಿಸ್ಕೊಂಡು ಬೊಗಳ್ತಾ ನಿಂತಿರುತ್ತೆ. ಯಾಕೆ ಅಂತ ಕೇಳಿದ್ರೆ "ಒಳಗೆ ಬಿಟ್ರೆ ಗಲೀಜು ಮಾಡುತ್ತೆ, ಅದಕ್ಕೇ ಕಟ್ಟಿದೀವಿ" ಅಂತಾರೆ. "ಬೊಗಳೋದು ಜಾಸ್ತಿ ಆಯ್ತು, ಯಾರಿಗಾದ್ರೂ ಕೊಡೋಣ ಅಂತಿದೀವಿ" ಅನ್ನೋದು ಅದರ ಮುಂದಿನ ಮಾತು. ನಮ್ಮನೇಲೂ ಇದೇ ಕಥೆ ನಡೀತು. ಅದಕ್ಕೇ ಬರೀತಿದೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸಣ್ಣ ಜಾತಿ ಮರಿ ಮನೆಯೊಳಗೆ ಗಲೀಜು ಮಾಡೋದಕ್ಕೂ, ದಿನವಿಡೀ ಬೊಗಳೋದಕ್ಕೂ ಮುಕ್ಕಾಲು ಪಾಲು ಕಾರಣ ಸಾಕಿದ ನಾವು. ಹೊಡೆದು ಕಲಿಸೋಕೆ ಹೋದ್ರೆ ಎರಡೂ ಜಾಸ್ತಿ ಆಗುತ್ತೆ. ಎರಡು ತಿಂಗಳು ಹೊತ್ತಿಗೆ ಸರಿಯಾಗಿ ಕೆಲಸ ಮಾಡೋಕೆ ಆಗಲ್ಲ ಅನ್ನೋರು ಮರಿ ತರಲೇಬಾರದು. ಇನ್ನು ಬೆಂಗಳೂರಲ್ಲಿ ತಂದು, ಆಗಲ್ಲ ಅಂತ ಊರಲ್ಲಿರೋ ಅಪ್ಪ ಅಮ್ಮನ ಮನೆಗೆ ಸಾಗಿಸೋದಂತೂ ಬಿಲ್ಕುಲ್ ತಪ್ಪು.

ನಮ್ಮನೆಗೆ ಬಂದಿದ್ದು ಹಾಗೇ. ಮಗಳು ಬೆಂಗಳೂರಲ್ಲಿ ಕೆಲಸದಲ್ಲಿದಾಳೆ. ದೀಪಾವಳಿಗೆ ನಾಲ್ಕು ದಿನ ಮುಂಚೆ ಅಂಗಡಿಯೊಂದರಲ್ಲಿ ಪೊಮೇರಿಯನ್ ಮರಿ ಅಂತ ತಗೊಂಡ್ಳು. ಬಾಡಿಗೆ ಮನೆ ಓನರ್ರು ಒಪ್ಪಲಿಲ್ಲ. ಹಬ್ಬಕ್ಕೆ ಬರುವಾಗ ರಟ್ಟಿನ ಡಬ್ಬದಲ್ಲಿ ತಂದು "ಅಪ್ಪಾಜಿ, ಇಲ್ಲಿ ಜಾಗ ಇದೆ, ಆರಾಮಾಗಿರುತ್ತೆ" ಅಂತ ಬಿಟ್ಟು ಹೋದ್ಳು. ಅವಳು ಇಟ್ಟ ಹೆಸರು ಸ್ನೋಯಿ. ನಮ್ಮವ್ವನ ಬಾಯಲ್ಲಿ ಅದು ಸೋನಿ ಆಯ್ತು. ಈಗ ಊರಿಗೆಲ್ಲ ಸೋನಿನೇ.

ಪಶು ಆಸ್ಪತ್ರೆಗೆ ಲಸಿಕೆಗೆ ಕರ್ಕೊಂಡು ಹೋದಾಗ ಡಾಕ್ಟ್ರು ಹಲ್ಲು ನೋಡಿ, "ಎರಡು ತಿಂಗಳಾ? ಇನ್ನೂ ನಲವತ್ತು ದಿನ ಆಗಿದ್ರೆ ಹೆಚ್ಚು" ಅಂದ್ರು. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ ಅನ್ನೋದೂ ಅವತ್ತೇ ಗೊತ್ತಾಯ್ತು. ಇದು ಸುಮ್ಮನೆ ಮಾಡಿದ ನಿಯಮ ಅಲ್ಲ. ಮಲಗೋ ಜಾಗದಿಂದ ಆಚೆ ಹೋಗಿ ಗಲೀಜು ಮಾಡ್ಬೇಕು ಅನ್ನೋದನ್ನ ಮರಿ ತಾಯಿ ಜೊತೆ ಇದ್ದಾಗಲೇ ಕಲಿಯೋಕೆ ಶುರು ಮಾಡುತ್ತೆ. ಎಷ್ಟು ಜೋರಾಗಿ ಕಚ್ಚಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದನ್ನ ಅಣ್ಣತಮ್ಮಂದಿರ ಜೊತೆ ಕಲಿಯುತ್ತೆ. ಬೇಗ ಬಿಡಿಸಿ ಬೋನಿಗೆ ಹಾಕಿದ್ರೆ ಉಂಡಲ್ಲೇ, ಮಲಗಿದಲ್ಲೇ ಮಾಡೋದು ರೂಢಿ ಆಗುತ್ತೆ. ನಮಗೆ ಸಿಕ್ಕಿದ್ದು ಅಂಥದ್ದೇ ಮರಿ.

ಇನ್ನೊಂದು ಮಾತು. ನಮ್ಮ ಕಡೆ ಪೊಮೇರಿಯನ್ ಅಂತ ಮಾರೋದ್ರಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ನಿಜವಾದ ಪೊಮೇರಿಯನ್ ಬೆಳೆದು ನಿಂತ್ರೂ ಮೂರು ಕೆಜಿ ಆಸುಪಾಸು. ಸೋನಿ ಆಗ್ಲೇ ಐದು ಕೆಜಿ ದಾಟಿದಾಳೆ. ಈ ಸ್ಪಿಟ್ಜ್ ಕುಲ ಹಿಂದಿನಿಂದ ಮನೆ ಕಾಯೋಕೆ ಇಟ್ಕೊಂಡಿದ್ದು. ಎಲೆ ಅಲ್ಲಾಡಿದ್ರೂ ಬಾಯಿ ಬಿಡೋದು ಅದರ ಹುಟ್ಟುಗುಣ. ತರೋ ಮುಂಚೆ ಇದು ಗೊತ್ತಿರ್ಬೇಕು. ಹಳ್ಳಿಕಾರ್ ಹೋರಿ ತಂದು ಎಮ್ಮೆ ಥರ ಸುಮ್ನೆ ನಿಲ್ಲು ಅಂದ್ರೆ ನಿಲ್ಲುತ್ತಾ?

ಮೊದಲ ಮೂರು ವಾರ ಮನೇಲಿ ಯುದ್ಧ. ಬಾಗಿಲಿಗೆ ಹಾಕಿದ ಗೋಣಿಚೀಲದ ಮೇಲೆ ಉಚ್ಚೆ. ಓದ್ತಾ ಕೆಳಗಿಟ್ಟ ಪೇಪರ್ ಮೇಲೆ ಉಚ್ಚೆ. ಅವ್ವನ ಚಾಪೆ ಮೇಲೆ ಎರಡನೇದು. ಹೊರಗೆ ಅರ್ಧ ಗಂಟೆ ಬಿಟ್ರೆ ಚಿಟ್ಟೆ ಹಿಂದೆ ಓಡ್ಕೊಂಡಿದ್ದು, ಒಳಗೆ ಬಂದ ಕೂಡ್ಲೇ ಕಾಲು ಮಡಚೋಳು. "ಬೇಕು ಬೇಕಂತಲೇ ಮಾಡುತ್ತೆ ನೋಡ್ರೀ" ಅಂತ ಹೆಂಡತಿ. ನನಗೂ ಹಾಗೇ ಅನ್ನಿಸ್ತು. ಮೂತಿ ಹಿಡಿದು ಉಚ್ಚೆಗೆ ಒರೆಸಿದೆ. ಯಾರೋ ಹೇಳಿದ್ದ ವಿದ್ಯೆ. ಆಮೇಲೆ ಪೊರಕೆ ಕಡ್ಡಿಲಿ ಹೊಡೆದೆ. ಒಂದಲ್ಲ, ನಾಲ್ಕೈದು ಸಲ. ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ.

ಏನಾಯ್ತು? ಗಲೀಜು ನಿಲ್ಲಲಿಲ್ಲ. ಜಾಗ ಬದಲಾಯ್ತು. ಮಂಚದ ಕೆಳಗೆ, ರಾಗಿ ಮೂಟೆ ಸಂದೀಲಿ, ಟಿವಿ ಹಿಂದೆ ಮಾಡೋಕೆ ಶುರು ಮಾಡಿದ್ಳು. ನಾನು ಹೊಲದಿಂದ ಬಂದು ಚಪ್ಪಲಿ ಬಿಟ್ಟ ಶಬ್ದ ಕೇಳಿದ್ರೆ ಸಾಕು, ಅಂಗಾತ ಬಿದ್ದು ಅಲ್ಲೇ ಸೋರಿಸೋಳು. ನಾನು ಅದನ್ನ ಕೊಬ್ಬು ಅಂದ್ಕೊಂಡೆ. ಅದು ಹೆದರಿಕೆ. ಹೆದರಿದ ಮರಿ "ನಿನ್ನ ಮುಂದೆ ನಾನು ಸಣ್ಣೋಳು" ಅಂತ ಹೇಳೋ ರೀತಿ ಅದು. ಅದಕ್ಕೆ ಮತ್ತೆ ಬೈದ್ರೆ ಇನ್ನೊಂದಿಷ್ಟು ಸೋರುತ್ತೆ. ನಾಯಿಗೆ ಹತ್ತು ನಿಮಿಷ ಹಿಂದಿನ ತಪ್ಪಿಗೆ ಈಗಿನ ಏಟು ಅಂತ ಲೆಕ್ಕ ಸಿಗಲ್ಲ. ಅದು ಕಲಿಯೋದು ಇಷ್ಟೇ: ಈ ಮನುಷ್ಯ ಇದ್ದಾಗ ಉಚ್ಚೆ ಹೊಯ್ಯಬಾರದು, ಕಣ್ಣಿಗೆ ಕಾಣದಂಗೆ ಹೊಯ್ಯಬೇಕು. ಮುಂದೆ ನಾವು ಹೊರಗೆ ಕರ್ಕೊಂಡು ಹೋಗಿ ನಿಂತ್ರೂ ನಮ್ಮ ಮುಂದೆ ಮಾಡಲ್ಲ. ಹೊರಗೆ ತಡ್ಕೊಂಡು ಒಳಗೆ ಬಂದು ಮಂಚದ ಕೆಳಗೆ ಮಾಡೋದು ಇದಕ್ಕೇ.

ಒಂದು ದಿನ ಅವ್ವ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಾ ಅಂದ್ಳು: "ನಿಮ್ಮಪ್ಪ ಹೋರಿಗೆ ನೊಗ ಕಲಿಸ್ವಾಗ ಬಾರುಕೋಲು ಹಿಡಿದಿದ್ದು ನೋಡಿದ್ಯಾ ಮಗ? ವಾರಗಟ್ಲೆ ಬರೀ ನೊಗ ಹೆಗಲ ಮೇಲಿಟ್ಟು, ಬೆಲ್ಲ ತಿನ್ನಿಸಿ, ಇಳಿಸೋನು. ನೀನು ಅಂಗೈಯಷ್ಟು ಜೀವಕ್ಕೆ ಪೊರಕೆ ಹಿಡೀತೀಯ." ನಾನೇನೂ ಮಾತಾಡಲಿಲ್ಲ. ಅವತ್ತಿಂದ ಪೊರಕೆ ಮೂಲೆಗೆ ಹೋಯ್ತು.

ಮಾರನೇ ದಿನ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೇಲಿ ಬರೆಯೋಕೆ ಶುರು ಮಾಡಿದೆ. ಎಷ್ಟೊತ್ತಿಗೆ ಉಂಡ್ಳು, ಎಷ್ಟೊತ್ತಿಗೆ ಎದ್ದಳು, ಎಷ್ಟೊತ್ತಿಗೆ ಉಚ್ಚೆ, ಎಷ್ಟೊತ್ತಿಗೆ ಕಕ್ಕ. ಮೂರೇ ದಿನಕ್ಕೆ ಲೆಕ್ಕ ಸಿಕ್ತು. ನಿದ್ದೆಯಿಂದ ಎದ್ದ ಎರಡು ಮೂರು ನಿಮಿಷಕ್ಕೆ ಉಚ್ಚೆ. ಉಂಡ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಕಕ್ಕ. ಜೋರಾಗಿ ಆಡಿದ ಮೇಲೆ ಮತ್ತೆ ಉಚ್ಚೆ. ಏನೂ ಇಲ್ಲದಿದ್ರೂ ಎರಡು ಗಂಟೆಗೊಂದ್ಸಲ. ಇಷ್ಟು ದಿನ ಮರಿ ಮೂಡು ಅಂದ್ಕೊಂಡಿದ್ದೆಲ್ಲ ಬರೀ ಗಡಿಯಾರ.

ಡಾಕ್ಟ್ರು ಹೇಳಿದ ಅಂದಾಜು ಲೆಕ್ಕವೂ ಇದಕ್ಕೆ ಸರಿಹೋಯ್ತು. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ ಹಗಲಲ್ಲಿ ತಡ್ಕೊಳ್ಳುತ್ತೆ, ಅದೇ ಹೆಚ್ಚು. ಎರಡು ತಿಂಗಳ ಮರಿಗೆ ಮೂರು ಗಂಟೆ. ಸಣ್ಣ ಜಾತಿಗೆ ಮೂತ್ರಕೋಶವೂ ಸಣ್ಣದು, ಅದಕ್ಕಿಂತ ಕಮ್ಮೀನೇ ಇಟ್ಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಕೂಡಿಹಾಕಿ ಹೊಲಕ್ಕೆ ಹೋಗಿ, ಒಂದು ಗಂಟೆಗೆ ಬಂದು, ಗಲೀಜು ಮಾಡಿದೆ ಅಂತ ಹೊಡೆದ್ರೆ ಅದು ಯಾರ ತಪ್ಪು?

ಆಮೇಲೆ ನಾವು ಮಾಡಿದ್ದು ಇಷ್ಟು.

ಒಂದು, ಜಾಗ. ಹಿತ್ತಲಲ್ಲಿ ಸೀಬೆ ಗಿಡದ ಬುಡ ಅಂತ ಒಂದೇ ಜಾಗ ಗೊತ್ತು ಮಾಡಿದ್ವಿ. ಎದ್ದ ಕೂಡ್ಲೇ, ಉಂಡ ಮೇಲೆ, ಆಡಿದ ಮೇಲೆ, ಮಲಗೋ ಮುಂಚೆ ಅಲ್ಲಿಗೇ. ಮೊದಲು ಎತ್ಕೊಂಡು ಹೋಗ್ತಿದ್ವಿ, ಆಮೇಲೆ ದಾರ ಕಟ್ಟಿ ನಡೆಸ್ಕೊಂಡು. ಅಲ್ಲಿ ಸುಮ್ಮನೆ ನಿಲ್ಲೋದು, ಆಟ ಇಲ್ಲ, ಮಾತಿಲ್ಲ. ಐದು ನಿಮಿಷ ನೋಡಿ, ಮಾಡದಿದ್ರೆ ವಾಪಸ್. ಆದ್ರೆ ಒಳಗೆ ಬಿಟ್ಟುಬಿಡಬಾರದು, ಕಣ್ಣ ಮುಂದೆ ಇಟ್ಕೊಂಡು ಹತ್ತು ನಿಮಿಷಕ್ಕೆ ಮತ್ತೆ ಕರ್ಕೊಂಡು ಹೋಗ್ಬೇಕು. ಈ ಹತ್ತು ನಿಮಿಷದಲ್ಲೇ ಎಲ್ಲರೂ ಎಡವೋದು.

ಎರಡು, ಶಾಭಾಸ್. ಉಚ್ಚೆ ಮುಗಿಸಿದ ಆ ಕ್ಷಣಕ್ಕೆ ಅಲ್ಲೇ "ಜಾಣೆ" ಅಂದು, ಕಡಲೆಕಾಳಿನಷ್ಟು ಬೇಯಿಸಿದ ಮೊಟ್ಟೆಯೋ ಕೋಳಿ ಚೂರೋ ಕೊಡೋದು. ಮನೆಯೊಳಗೆ ಬಂದ ಮೇಲೆ ಕೊಟ್ರೆ, ಒಳಗೆ ಬಂದಿದ್ದಕ್ಕೆ ಕೊಟ್ರು ಅಂತ ತಿಳ್ಕೊಳ್ಳುತ್ತೆ. ಮೊಟ್ಟೆ ಚೂರು ಜೇಬಲ್ಲೇ ಇರ್ಬೇಕು. ನನ್ನ ಅಂಗಿ ಜೇಬು ವಾಸನೆ ಹೊಡೀತು ಅಂತ ಹೆಂಡತಿ ಬೈದಿದ್ದು ಬೇರೆ ಮಾತು.

ಮೂರು, ಊಟದ ಹೊತ್ತು. ಹಸುವಿಗೆ ಹೊತ್ತಿಗೆ ಸರಿಯಾಗಿ ಹಿಂಡಿ ಇಟ್ರೆ ಹಾಲು ಹೊತ್ತಿಗೆ ಬರುತ್ತೆ. ಮರಿಗೂ ಅಷ್ಟೇ. ದಿನಕ್ಕೆ ನಾಲ್ಕು ಸಲ, ಅದೇ ಹೊತ್ತು, ತಟ್ಟೆ ಕಾಲು ಗಂಟೆ ಇಟ್ಟು ಎತ್ತಿಬಿಡೋದು. ದಿನವಿಡೀ ತಟ್ಟೆ ಮುಂದೆ ಇದ್ರೆ ದಿನವಿಡೀ ಗಲೀಜು. ಕುಡಿಯೋ ನೀರು ಮಾತ್ರ ತೆಗೀಬಾರದು. ಮನೇಲಿ ಹಾಲಿದೆ ಅಂತ ಲೋಟಗಟ್ಲೆ ಹಸುವಿನ ಹಾಲು ಹಾಕ್ತಿದ್ವಿ, ಅದೇ ಭೇದಿಗೆ ಕಾರಣ ಆಗಿತ್ತು. ಎಷ್ಟೋ ಮರಿಗೆ ಹಸುವಿನ ಹಾಲು ಅರಗಲ್ಲ. ಹಾಲು ನಿಲ್ಲಿಸಿದ ಮೇಲೆ ಅರ್ಧ ಸಮಸ್ಯೆ ಹೋಯ್ತು. ನಾವು ತಿನ್ನೋ ಸಾರು ಹಾಕೋದೂ ಬೇಡ. ಈರುಳ್ಳಿ ನಾಯಿಯ ರಕ್ತಕ್ಕೆ ವಿಷ, ಬೇಯಿಸಿದ್ರೂ ವಿಷವೇ. ದ್ರಾಕ್ಷಿ, ಚಾಕೊಲೇಟ್ ಕೂಡ ಕೊಡಬಾರದು.

ನಾಲ್ಕು, ವಾಸನೆ. ಹೊಯ್ದ ಜಾಗದಲ್ಲಿ ವಾಸನೆ ಉಳಿದ್ರೆ ಅದೇ ಕಕ್ಕಸು ಅಂತ ಮತ್ತೆ ಬರುತ್ತೆ. ನಮ್ಮ ಮೂಗಿಗೆ ಹೋಯ್ತು ಅನ್ನಿಸಿದ್ರೂ ಅದರ ಮೂಗಿಗೆ ಇರುತ್ತೆ. ನಾವು ಫಿನಾಯಿಲ್ ಹಾಕಿ ಒರೆಸ್ತಿದ್ವಿ. ಮರಿ ನೆಲ ನೆಕ್ಕುತ್ತೆ, ಫಿನಾಯಿಲ್ ಹೊಟ್ಟೆಗೆ ಹೋದ್ರೆ ಅಪಾಯ. ಈಗ ಸೋಪು ನೀರಲ್ಲಿ ಉಜ್ಜಿ, ಅರ್ಧಕ್ಕರ್ಧ ನೀರು ಬೆರೆಸಿದ ವಿನೆಗರ್ ಹಾಕಿ ಒಣಗಿಸ್ತೀವಿ. ಗೋಣಿಚೀಲ, ಚಾಪೆ, ಕಾಲೊರಸು ಎಲ್ಲ ಎರಡು ತಿಂಗಳು ಎತ್ತಿಟ್ಟೆ. ಮೆತ್ತಗೆ ಇದ್ದು ನೀರು ಹೀರೋ ಜಾಗ ಅಂದ್ರೆ ಮರಿಗೆ ಇಷ್ಟ. ಅಂಗಡಿ ಬೋನಲ್ಲಿ ಪೇಪರ್ ಮೇಲೆ ಬೆಳೆದಿದ್ದಕ್ಕೆ ಪೇಪರ್ ಕಂಡ್ರೆ ಕೂರೋಳು. ಅದನ್ನೇ ಉಪಯೋಗಿಸ್ಕೊಂಡೆ. ಅವಳು ಉಚ್ಚೆ ಹೊಯ್ದ ಒಂದು ಪೇಪರ್ ತುಂಡು ಸೀಬೆ ಗಿಡದ ಬುಡದಲ್ಲಿಟ್ಟು ಮೇಲೆ ಕಲ್ಲು ಹೇರಿದೆ. ಎರಡೇ ದಿನಕ್ಕೆ ಜಾಗ ಗೊತ್ತಾಯ್ತು.

ಐದು, ರಾತ್ರಿ. ನಮ್ಮ ಕಡೆ ಚಿರತೆ ಕಾಟ ಇರೋದು ನಿಮಗೆ ಗೊತ್ತು. ಇಷ್ಟು ಸಣ್ಣ ನಾಯಿ ರಾತ್ರಿ ಹೊರಗೆ ಕಟ್ಟಿದ್ರೆ ಅದಕ್ಕೆ ಊಟ ಇಟ್ಟಂಗೆ. ಮಂಚದ ಪಕ್ಕ ರಟ್ಟಿನ ಡಬ್ಬ ಇಟ್ವಿ. ತಿರುಗಿ ಮಲಗೋ ಅಷ್ಟೇ ಜಾಗ. ಜಾಗ ದೊಡ್ಡದಿದ್ರೆ ಒಂದು ಮೂಲೇಲಿ ಮಲಗಿ ಇನ್ನೊಂದು ಮೂಲೇಲಿ ಮಾಡುತ್ತೆ. ಎರಡು ಗಂಟೆಗೆ ಒಂದ್ಸಲ ಎದ್ದು, ಬ್ಯಾಟರಿ ಹಿಡ್ಕೊಂಡು ಬಾಗಿಲ ಹತ್ರದಲ್ಲೇ ಕೂರಿಸಿ ಒಳಗೆ ಕರ್ಕೊಂಡು ಬರೋದು. ಮೂರೂವರೆ ತಿಂಗಳು ತುಂಬೋ ಹೊತ್ತಿಗೆ ರಾತ್ರಿ ಪೂರ್ತಿ ತಡ್ಕೊಂಡ್ಳು.

ಇದರ ಜೊತೆ ಕರುವಿನ ಕೊರಳಗಂಟೆ ಒಂದನ್ನ ಹಿತ್ತಲ ಬಾಗಿಲಿಗೆ ಅವಳ ಮೂತಿ ಎತ್ತರಕ್ಕೆ ಕಟ್ಟಿದೆ. ಹೊರಗೆ ಹೋಗೋ ಪ್ರತಿ ಸಲ ಅವಳ ಕಾಲಲ್ಲೇ ಗಂಟೆ ಮುಟ್ಟಿಸಿ ಬಾಗಿಲು ತೆಗೆಯೋದು. ಮೂರು ವಾರ ಆದ್ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಗಂಟೆ ಅಲ್ಲಾಡ್ತು. ಊಟದ ಎಲೆ ಬಿಟ್ಟು ಎದ್ದು ಓಡಿದೆ. ಸಂಕ್ರಾಂತಿ ಹೊತ್ತಿಗೆ ವಾರಕ್ಕೊಂದು ತಪ್ಪು ಆಗ್ತಿತ್ತು, ಅದೂ ನೆಂಟರು ಬಂದು ಮನೆ ಗಲಾಟೆ ಆದಾಗ. ಕಲಿತ ಮರಿ ಇದ್ದಕ್ಕಿದ್ದಂಗೆ ಮತ್ತೆ ಒಳಗೆ ಮಾಡೋಕೆ ಶುರು ಮಾಡಿದ್ರೆ, ಅಥವಾ ಗಳಿಗೆಗೊಮ್ಮೆ ಹನಿ ಹನಿ ಹೊಯ್ದರೆ, ಬೈಯೋದಲ್ಲ, ಡಾಕ್ಟ್ರ ಹತ್ರ ತೋರಿಸ್ಬೇಕು. ಮೂತ್ರದ ಸೋಂಕು ಇರಬಹುದು.

ಗಲೀಜು ಸರಿ ಹೋಯ್ತು ಅನ್ನೋವಾಗ ಬೊಗಳೋದು ಶುರು ಆಯ್ತು. ಹಗಲು ನಾನೂ ಹೆಂಡತಿಯೂ ತೋಟಕ್ಕೆ ಹೋದಾಗ ಗೇಟಿಗೆ ಕಟ್ಟಿ ಹೋಗ್ತಿದ್ವಿ. ರಸ್ತೇಲಿ ಬೈಕು ಹೋದ್ರೆ ಬೊಗಳೋದು, ಮೇಕೆ ಹೋದ್ರೆ ಬೊಗಳೋದು, ಏನೂ ಹೋಗದಿದ್ರೂ ಬೊಗಳೋದು. ಅವಳು ಬೊಗಳಿದಾಗ ಬೈಕು ಹೊರಟು ಹೋಗುತ್ತಲ್ಲ, ನಾನೇ ಓಡಿಸ್ದೆ ಅಂತ ಅವಳ ಲೆಕ್ಕ. ದಿನಕ್ಕೆ ನೂರು ಸಲ ಗೆಲ್ಲೋಳು. ಒಳಗೆ ಕೂತು "ಏಯ್, ಸುಮ್ನಿರೇ" ಅಂತ ನಾವು ಕಿರುಚಿದ್ರೆ, ಮನೆಯೋರೂ ನನ್ನ ಜೊತೆ ಬೊಗಳ್ತಿದಾರೆ ಅಂತ ಇನ್ನೂ ಹುರುಪು. ಚಳಿ ಕಮ್ಮಿ ಆದ್ಮೇಲೆ, ದೊಡ್ಡೋಳಾದ್ಳು ಅಂತ ರಾತ್ರಿಯೂ ಗ್ರಿಲ್ ಹಾಕಿದ ಜಗಲಿಲಿ ಮಲಗಿಸೋಕೆ ಶುರು ಮಾಡಿದ್ವಿ. ಅಲ್ಲಿಂದ ರಾತ್ರಿಯೂ ಶುರು.

ಪಕ್ಕದ ಮನೆಯೋರು ನನ್ನ ಜೊತೆ ಮಾತು ಬಿಟ್ರು. ಒಂದೇ ಗೋಡೆ, ಮೂವತ್ತು ವರ್ಷದ ಒಡನಾಟ. ಒಂದು ರಾತ್ರಿ ಗೋಡೆ ಆಚೆಯಿಂದ ಕೂಗಾಡಿದ್ರು, ನಾನೂ ಕೂಗಾಡಿದೆ. ಫೆಬ್ರವರೀಲಿ ಒಂದು ಸಂಜೆ ಅವರ ಮಗಳು ಬಂದು ಗೇಟಲ್ಲಿ ನಿಂತ್ಲು. ಎಸ್ಸೆಸ್ಸೆಲ್ಸಿ ಓದ್ತಿರೋ ಹುಡುಗಿ.

"ಮಾವ, ಒಂದು ಮಾತು ಹೇಳ್ಲಾ? ಅಪ್ಪಂಗೆ ನಾನು ಬಂದಿದ್ದು ಹೇಳ್ಬೇಡಿ. ಪ್ರಿಪರೇಟರೀಲಿ ಲೆಕ್ಕದಲ್ಲಿ ಕಮ್ಮಿ ಬಂತು. ರಾತ್ರಿ ನಿದ್ದೆ ಬರಲ್ಲ, ನಾಲ್ಕಕ್ಕೆ ಎದ್ದು ಕೂತ್ರೆ ಮತ್ತೆ ಶುರು ಮಾಡುತ್ತೆ. ಸೋನಿಗೆ ಹೊಡೀಬೇಡಿ. ಪರೀಕ್ಷೆ ಮುಗಿಯೋವರೆಗೂ ಏನಾದ್ರೂ ಮಾಡಿ."

ನಾನೂ ಅದೇ ಪರೀಕ್ಷೆಗೆ ನಿಂತು ಓದಿದವನು, ಸೀಮೆಎಣ್ಣೆ ಬುಡ್ಡಿ ಮುಂದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಯಾರಿಗೂ ಹೇಳದೆ ತರಕಾರಿ ಕ್ರೇಟಲ್ಲಿ ಅವಳನ್ನ ಕೂರಿಸಿ, ಬೈಕಿಗೆ ಕಟ್ಟಿ ಹೈವೇ ಕಡೆ ಹೊರಟೆ. ಡಾಬಾ ಹತ್ರ ಬಿಟ್ರೆ ಅನ್ನ ಸಿಗುತ್ತೆ, ಯಾರಾದ್ರೂ ಕಾರಿನೋರು ಎತ್ಕೊಂಡು ಹೋಗ್ತಾರೆ ಅಂತ ನನಗೆ ನಾನೇ ಹೇಳ್ಕೊಂಡೆ. ಇಳಿಸ್ದೆ. ಓಡಿ ಹೋಗ್ತಾಳೆ ಅಂದ್ಕೊಂಡಿದ್ದೆ. ರಸ್ತೆ ಪಕ್ಕದ ಹುಲ್ಲಿಗೆ ನಡೆದು ಹೋಗಿ ಕೂತು ಉಚ್ಚೆ ಹೊಯ್ದಳು. ಮುಗಿಸಿ ನೇರ ನನ್ನ ಹತ್ರ ಬಂದು, ಮುಖ ಎತ್ತಿ ಜೇಬು ನೋಡ್ತಾ ನಿಂತ್ಲು. ನಾನು ಕಲಿಸಿದ್ದನ್ನ ಸರಿಯಾಗಿ ಮಾಡಿದ್ಳು, ಕೂಲಿ ಕೇಳ್ತಿದ್ಳು. ಜೇಬಲ್ಲಿ ಏನೂ ಇರಲಿಲ್ಲ. ಮತ್ತೆ ಕ್ರೇಟಲ್ಲಿ ಕೂರಿಸ್ಕೊಂಡು ಮನೆಗೆ ಬಂದೆ. ಸಾಕಿದ ಪ್ರಾಣೀನ ಹೀಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಅಂತ ಆಮೇಲೆ ತಿಳೀತು. ಕಾಯ್ದೆ ಗೊತ್ತಿಲ್ಲದೇನೂ ತಪ್ಪು ಅಂತ ಗೊತ್ತಿತ್ತು.

ಬೊಗಳೋದಕ್ಕೂ ನೋಟ್‌ಬುಕ್ಕೇ ತೆಗೆದೆ. ಬೊಗಳೋದು ಅಂದ್ರೆ ಒಂದೇ ರೋಗ ಅಲ್ಲ. ಎಲೆ ಹಳದಿ ಆಯ್ತು ಅಂದ್ರೆ ನೀರು ಹೆಚ್ಚಾಯ್ತಾ, ಗೊಬ್ಬರ ಕಮ್ಮಿ ಆಯ್ತಾ, ಬೇರು ಕೊಳೀತಾ ಅಂತ ನೋಡ್ತೀವಲ್ಲ, ಹಾಗೆ. ನಮ್ಮನೇಲಿ ನಾಲ್ಕು ಥರ ಸಿಕ್ತು.

ರಸ್ತೆ ನೋಡಿ ಬೊಗಳೋದು. ಇದಕ್ಕೆ ಗೇಟಿಗೆ ಸೋಗೆ ಹೆಣೆದ ತಡಿಕೆ ಕಟ್ಟಿದೆ. ರಸ್ತೆ ಕಾಣಲ್ಲ. ಒಂದು ರೂಪಾಯಿ ಖರ್ಚಿಲ್ಲದೆ ಹಗಲಿನ ಅರ್ಧ ಗಲಾಟೆ ಅವತ್ತೇ ನಿಲ್ತು. ಗೇಟಿಗೆ ಕಟ್ಟೋದನ್ನ ಬಿಟ್ವಿ, ಹಿತ್ತಲ ಕಡೆ ಬೇಲಿಯೊಳಗೆ ಓಡಾಡೋಕೆ ಬಿಟ್ವಿ. ಕಟ್ಟಿದ ನಾಯಿಗೆ ಓಡಿ ಹೋಗೋಕೂ ಆಗಲ್ಲ, ಹತ್ರ ಹೋಗಿ ಮೂಸೋಕೂ ಆಗಲ್ಲ. ಬಾಯಿ ಒಂದೇ ಉಳಿಯೋದು.

ಬೇಜಾರಿಗೆ ಬೊಗಳೋದು. ಬೆಳಿಗ್ಗೆ ಅರ್ಧ ಗಂಟೆ ತೋಟದ ಬದುವಿನ ಮೇಲೆ ನಡೆಸ್ಕೊಂಡು ಬರ್ತೀನಿ, ಮೂಸಿದಷ್ಟು ಮೂಸಲಿ ಅಂತ. ಬೆಳಗಿನ ಊಟದ ಅರ್ಧ ತಟ್ಟೆಗೆ ಹಾಕಲ್ಲ, ಹಿತ್ತಲ ಹುಲ್ಲಲ್ಲಿ ಚೆಲ್ತೀನಿ. ಹುಡುಕಿ ಹುಡುಕಿ ತಿನ್ನೋದ್ರಲ್ಲಿ ಮುಕ್ಕಾಲು ಗಂಟೆ ಕಳೆಯುತ್ತೆ, ಆಮೇಲೆ ನಿದ್ದೆ.

ಒಂಟಿಯಾದಾಗ ಹೆದರಿ ಬೊಗಳೋದು. ರಾತ್ರಿ ಬೊಗಳ್ತಿದ್ದಿದ್ದು ಇದೇ. ಹುಟ್ಟಿದಾಗಿಂದ ಯಾರ ಜೊತೆಗಾದ್ರೂ ಮಲಗಿದ ಜೀವಾನ ಒಮ್ಮೆಲೇ ಜಗಲಿಗೆ ಹಾಕಿದ್ರೆ ಇನ್ನೇನು ಮಾಡುತ್ತೆ? ವಾಪಸ್ ಒಳಗೆ ಮಲಗಿಸಿದ ಮೊದಲ ರಾತ್ರಿನೇ ನಿಂತುಹೋಯ್ತು. ಅಷ್ಟು ಸುಲಭ ಇತ್ತು. ಅಷ್ಟಕ್ಕೆ ಒಂದು ಹುಡುಗಿ ಒಂದು ತಿಂಗಳು ನಿದ್ದೆ ಕೆಟ್ಟಿದ್ಳು. ಹಗಲು ಒಂಟಿ ಇರೋದನ್ನ ನಿಧಾನಕ್ಕೆ ಕಲಿಸಿದ್ವಿ. ಒಂದು ನಿಮಿಷ ಬಾಗಿಲು ಹಾಕ್ಕೊಂಡು ಹೋಗಿ ಬರೋದು, ಆಮೇಲೆ ಐದು ನಿಮಿಷ, ಆಮೇಲೆ ಅರ್ಧ ಗಂಟೆ. ಹೋಗುವಾಗ ಮುದ್ದಾಡೋದಿಲ್ಲ, ಬಂದಾಗ ಕುಣಿಯೋದಿಲ್ಲ.

ಬೇಕು ಅಂತ ಬೊಗಳೋದು. ನಾವು ಉಣ್ಣುವಾಗ ಎದುರು ಕೂತು ಕೇಳೋದು. ಇದಕ್ಕೆ ಮದ್ದು ಅಂದ್ರೆ ಬೆನ್ನು ತಿರುಗಿಸೋದು, ಸುಮ್ಮನಾದ ಮೇಲೇ ಮಾತಾಡಿಸೋದು. ಆದ್ರೆ ಒಂದು ಎಚ್ಚರ. ಕೊಡೋದು ನಿಲ್ಲಿಸಿದ ಮೊದಲ ಕೆಲವು ದಿನ ಬೊಗಳೋದು ಕಮ್ಮಿ ಆಗಲ್ಲ, ಜಾಸ್ತಿ ಆಗುತ್ತೆ. ಆಗ ಸೋತು ಒಂದು ತುಂಡು ಹಾಕಿದ್ರೆ, ಇಷ್ಟು ಜೋರಾಗಿ ಬೊಗಳಿದ್ರೇ ಸಿಗೋದು ಅಂತ ಕಲಿಯುತ್ತೆ. ನಮ್ಮವ್ವ ಮೂರನೇ ದಿನ ಕದ್ದು ದೋಸೆ ತುಂಡು ಹಾಕಿ ಎಲ್ಲಾನೂ ಮೊದಲಿಗೆ ತಂದಿಟ್ಳು. ಈಗ ಅವ್ವನಿಗೂ ತರಬೇತಿ ಆಗಿದೆ.

ಇವೆಲ್ಲದರ ಮೇಲೆ "ಸಾಕು" ಅನ್ನೋ ಒಂದು ಮಾತು ಕಲಿಸಿದೆ. ಎರಡು ಸಲ ಬೊಗಳೋಕೆ ಬಿಡ್ತೀನಿ, ಮನೆ ಕಾಯೋದು ಅದರ ಕೆಲಸ. ಎದ್ದು ಹೋಗಿ ನೋಡಿ, ಮೆಲ್ಲಗೆ "ಸಾಕು" ಅಂದು ಮೂಗಿನ ಮುಂದೆ ಮೊಟ್ಟೆ ಚೂರು ಹಿಡಿಯೋದು. ಮೂಸುವಾಗ ಬೊಗಳೋಕೆ ಆಗಲ್ಲ. ಎರಡು ಎಣಿಸಿ ಕೊಡೋದು. ನಾಳೆ ಐದು ಎಣಿಸಿ, ಆಮೇಲೆ ಹತ್ತು. ಈಗ ಹತ್ತರಲ್ಲಿ ಏಳು ಸಲ ಬರೀ ಮಾತಿಗೆ ನಿಲ್ಲಿಸ್ತಾಳೆ. ಉಳಿದ ಮೂರು ಸಲ ನಾನೇ ಎದ್ದು ಹೋಗ್ಬೇಕು. ಪೂರ್ತಿ ಮೌನ ಬೇಕು ಅನ್ನೋರು ಈ ಜಾತಿ ಸಾಕಬಾರದು.

ಕೆಲವರು ಬಾಯಿಗೆ ಹಗ್ಗ ಸುತ್ತಿ ಅಂದ್ರು. ದಯವಿಟ್ಟು ಮಾಡಬೇಡಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ಬಾಯಿ ತೆಗೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡ್ಕೊಳ್ಳೋದು. ಬೇಸಿಗೇಲಿ ಬಾಯಿ ಕಟ್ಟಿದ್ರೆ ಜೀವಕ್ಕೇ ಅಪಾಯ. ಕರೆಂಟ್ ಹೊಡೆಯೋ ಬೆಲ್ಟ್ ಬರುತ್ತೆ ಅಂದ್ರು ಇನ್ನೊಬ್ರು. ಹೆದರಿ ಬೊಗಳೋ ನಾಯಿಗೆ ಇನ್ನೊಂದು ಹೆದರಿಕೆ ಕೊಟ್ರೆ ಅದು ಸುಮ್ಮನಾಗಬಹುದು, ಆಮೇಲೆ ಬೊಗಳದೆ ನೇರ ಕಚ್ಚಬಹುದು. ಕಚ್ಚೋ ಮಾತು ಬಂದಿದ್ದಕ್ಕೆ ಹೇಳ್ತೀನಿ, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟ್ರು ಹೇಳಿದ ಹೊತ್ತಿಗೆ ಮತ್ತೆ, ವರ್ಷ ವರ್ಷ ತಪ್ಪದೆ. ಮನೇಲೇ ಇರೋ ಸಣ್ಣ ನಾಯಿ, ಇದಕ್ಕ್ಯಾಕೆ ಅನ್ನಬೇಡಿ. ಯಾವ ನಾಯಿ ಕಚ್ಚಿದ್ರೂ, ಗೀರಿದ್ರೂ ಹರಿಯೋ ನೀರಲ್ಲಿ ಸೋಪು ಹಾಕಿ ಕಾಲು ಗಂಟೆ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

"ನಮ್ಮ ಕಾಲದಲ್ಲಿ ನಾಯಿಗೆ ಯಾರು ಇಷ್ಟೆಲ್ಲ ಮಾಡ್ತಿದ್ರು?" ಅಂತ ಕೇಳ್ತೀರ. ನಿಜ. ಆಗಿನ ನಾಯಿ ಕಣದಲ್ಲಿ ಮಲಗ್ತಿತ್ತು, ಊರೆಲ್ಲ ಸುತ್ತುತ್ತಿತ್ತು, ಬೇಕಾದಲ್ಲಿ ಉಚ್ಚೆ ಹೊಯ್ತಿತ್ತು. ಅದನ್ನ ಟೈಲ್ಸ್ ನೆಲದ ಮೇಲೆ ತಂದು ಕೂಡಿಹಾಕಿದ್ದು ನಾವು. ತಂದ ಮೇಲೆ ಇಲ್ಲಿನ ರೀತಿ ಹೇಳ್ಕೊಡಬೇಕಾದ್ದೂ ನಾವೇ.

"ನಾಯಿಗೆ ಇಷ್ಟು ಹೊತ್ತು ಎಲ್ಲಿಂದ ತರೋದು?" ಅನ್ನೋದು ಇನ್ನೊಂದು ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿದೀನಿ. ದಿನಕ್ಕೆ ಎಂಟು ಸಲ, ಒಂದೊಂದು ಸಲ ಐದು ನಿಮಿಷ, ನಲವತ್ತು ನಿಮಿಷ. ಅರವತ್ತು ದಿನಕ್ಕೆ ನಲವತ್ತು ಗಂಟೆ. ಆದ್ರೆ ಈ ನಲವತ್ತು ಗಂಟೆ ಒಟ್ಟಿಗೆ ಬರಲ್ಲ, ಎರಡು ಗಂಟೆಗೊಂದು ಐದು ನಿಮಿಷ ಬರುತ್ತೆ. ಮನೇಲಿ ಯಾರಾದ್ರೂ ಇರಲೇಬೇಕು. ನಮ್ಮನೇಲಿ ಅವ್ವ ಇದ್ಳು ಅಂತ ನಡೀತು, ಎಂಟರಲ್ಲಿ ನಾಲ್ಕು ಸಲ ಅವಳೇ ಎದ್ದಿದ್ದು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಬೀಗ ಹಾಕ್ಕೊಂಡು ಹೋಗೋ ಮನೆಗೆ ಎರಡು ತಿಂಗಳ ಮರಿ ಯಾಕೆ? ಪ್ರೀತಿ ಇಲ್ಲ ಅಂತಲ್ಲ, ಹೊತ್ತಿಲ್ಲ. ಹೊತ್ತಿಲ್ಲದ ಪ್ರೀತಿ ಮರಿಗೆ ಅರ್ಥ ಆಗಲ್ಲ. ಸಾಕಲೇಬೇಕು ಅನ್ನಿಸಿದ್ರೆ ಒಂದು ವರ್ಷ ದಾಟಿದ ನಾಯಿ ನೋಡಿ, ಬೇಡ ಅಂತ ಬಿಟ್ಟವು ಬೇಕಾದಷ್ಟಿವೆ.

ಬೆಂಗಳೂರಲ್ಲಿರೋ ನಮ್ಮ ಮಕ್ಕಳಿಗೆ ಒಂದು ಮಾತು. ಊರಲ್ಲಿ ಜಾಗ ಇದೆ ನಿಜ, ಆದ್ರೆ ಮರಿ ಸಾಕೋದು ಜಾಗ ಅಲ್ಲ, ಮನುಷ್ಯರು. ನಮಗೆ ಹಸು ಇದೆ, ತೋಟ ಇದೆ, ಮಂಡಿ ನೋವಿದೆ. ತರೋ ಮುಂಚೆ ಒಂದು ಫೋನ್ ಮಾಡಿ ಕೇಳಿ. ಮಗಳಿಗೂ ಇದನ್ನೇ ಹೇಳಿದೆ. ಮೊದಲು ಮುನಿಸ್ಕೊಂಡ್ಳು. ಈಗ ತಿಂಗಳಿಗೆ ಎರಡು ಸಲ ಬರ್ತಾಳೆ, ಲಸಿಕೆ ಖರ್ಚು ಅವಳದ್ದೇ, ಬಂದಾಗ ರಾತ್ರಿ ಏಳೋದೂ ಅವಳೇ.

ಪಕ್ಕದ ಮನೆ ಹುಡುಗಿ ಪರೀಕ್ಷೆ ಬರೆದಾಯ್ತು. ಲೆಕ್ಕದ ಪೇಪರ್ ಚೆನ್ನಾಗಿ ಮಾಡಿದೀನಿ ಅಂತ ಹೇಳಿದ್ಳು, ಫಲಿತಾಂಶ ಇನ್ನೂ ಬರ್ಬೇಕು. ಅವರಪ್ಪ ಇನ್ನೂ ಪೂರ್ತಿ ಮಾತಾಡಲ್ಲ. ಮೊನ್ನೆ ಗೋಡೆ ಮೇಲಿಂದ "ಆ ಸೋಗೆ ತಡಿಕೆ ಚೆನ್ನಾಗಿದೆ, ನಮ್ಮ ಕೋಳಿ ಗೂಡಿಗೂ ಒಂದು ಬೇಕು" ಅಂದ್ರು. ಎರಡು ಹೆಣೆದು ಕೊಟ್ಟು ಬಂದೆ. ಇದನ್ನ ಬರೀತಿರೋವಾಗ ಹಿತ್ತಲ ಬಾಗಿಲಿನ ಗಂಟೆ ಅಲ್ಲಾಡ್ತಿದೆ, ಎದ್ದು ಹೋಗ್ಬೇಕು.